ಕಾಡಂಚಿನ ಡಾಂಬರು ದಾರಿಗಳು

ಜಯನಗರದಲ್ಲಿ ಸೈಕಲ್ಲಿಗೆಂದೇ ಬಣ್ಣ ಬಳಿದು, ಗೂಟ ನೆಟ್ಟು, ಫಲಕ ಹಾಕಿ ಮಾಡಿದ ಪಥಗಳು ಕೆಲವೇ ವರ್ಷಗಳಲ್ಲಿ ಕಾರು ನಿಲ್ಲಿಸುವ ಜಾಗವಾದವು. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ದಕ್ಷಿಣಕ್ಕೆ ಹೋದರೆ, ಸೈಕಲ್ ಸವಾರರ ನೆನಪೇ ಇಲ್ಲದೆ ಯಾರೋ ಹಾಕಿದ ರಸ್ತೆಗಳಿವೆ. ಅಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ಪೆಡಲ್ ತುಳಿದರೂ ಬೆನ್ನ ಹಿಂದೆ ಒಂದು ಹಾರ್ನ್ ಕೇಳಿಸದೆ ಹೋಗಬಹುದು. ಗೂಟ ನೆಟ್ಟ ಕಡೆ ಸಿಗದ ನೆಮ್ಮದಿ ಗೂಟವಿಲ್ಲದ ಕಡೆ ಸಿಗುವುದಕ್ಕೆ ಕಾರಣವಿದೆ. ಆ ರಸ್ತೆಗಳ ಪಕ್ಕದಲ್ಲಿ ಕಾಡಿದೆ, ಬಂಡೆಯಿದೆ, ಜಲಾಶಯವಿದೆ. ಅವುಗಳ ಸುತ್ತ ಕಾಗದದ ಮೇಲೆ ಸರ್ಕಾರ ಎಳೆದ ಗೆರೆಗಳಿವೆ. ಗೆರೆಯೊಳಗೆ ಅಪಾರ್ಟ್‌ಮೆಂಟ್ ಏಳುವುದಿಲ್ಲ. ಅಪಾರ್ಟ್‌ಮೆಂಟ್ ಇಲ್ಲದ ಕಡೆ ಕಾರೂ ಕಡಿಮೆ. ಬೆಂಗಳೂರಿನ ಸೈಕಲ್ ಸವಾರ ಬೆಳ್ಳಂಬೆಳಿಗ್ಗೆ ಅನುಭವಿಸುವ ನಿಶ್ಶಬ್ದ ಬಹುಮಟ್ಟಿಗೆ ಅರಣ್ಯ ಕಾಯ್ದೆಯ ಉಪ ಉತ್ಪನ್ನ.

ವಾರದ ಯಾವ ದಿನವಾದರೂ ಸರಿ, ಬೆಳಿಗ್ಗೆ ಐದೂವರೆಗೆ ಸಾರಕ್ಕಿ ಸಿಗ್ನಲ್ಲಿನಲ್ಲೋ ಬನಶಂಕರಿ ದೇವಸ್ಥಾನದ ಮುಂದೋ ನಿಂತು ನೋಡಿ. ಹಿಂಬದಿಯಲ್ಲಿ ಕೆಂಪು ದೀಪ ಮಿಣುಕಿಸುತ್ತ ಇಬ್ಬರು ಮೂವರು ಹಾದುಹೋಗುತ್ತಾರೆ. ಕೆಲವರ ಸೈಕಲ್ಲಿನ ಬೆಲೆಗೆ ಹೊಸ ಮೋಟರ್‌ಬೈಕ್ ಬರುತ್ತದೆ. ಇನ್ನು ಕೆಲವರದು ಮಗ ಕಾಲೇಜಿಗೆ ಹೋದ ಮೇಲೆ ಗ್ಯಾರೇಜಿನಲ್ಲಿ ಧೂಳು ಹಿಡಿದಿದ್ದ ಹೈಬ್ರಿಡ್. ಐಟಿ ಕಂಪನಿಗಳ ಕಾಲದಲ್ಲಿ ಗೇರ್ ಸೈಕಲ್ ಈ ಊರಿಗೆ ಹೊಸ ಹವ್ಯಾಸವಾಗಿ ಬಂತು. ಬೆಂಗಳೂರಿನ ಸವಾರರು 2008ರಲ್ಲಿ ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಅದಕ್ಕೊಂದು ಗುರಿಯನ್ನೂ ಕೊಟ್ಟಿತು. ನೀಲಗಿರಿ ಹತ್ತಬೇಕೆಂದರೆ ಎಲ್ಲಾದರೂ ಅಭ್ಯಾಸ ಮಾಡಬೇಕಲ್ಲ? ದಕ್ಷಿಣ ಬೆಂಗಳೂರಿನವರಿಗೆ ಆ ಅಭ್ಯಾಸದ ಅಂಗಳ ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳ ಆಚೆ ಸಿಕ್ಕಿತು. ಬ್ಲಾಕಿಗೊಂದು ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಸೈಕಲ್ ತೆಗೆದುಕೊಂಡು ಕಲಿತ ಹಳೆಯ ತಲೆಮಾರಿಗೆ ಇದೆಲ್ಲ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ಕಾಣಲಿ.

ಈ ದಾರಿಗಳು ಹೇಗಿವೆ ಎಂದು ತಿಳಿಯಲು ಮೊದಲು ನೆಲ ಹೇಗಿದೆ ಎಂದು ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿ, ಮನೆಯ ಮಾಡಿನ ನೆತ್ತಿಯ ಮೇಲೆ ಕೂತಂತೆ ಕೂತಿದೆ. ನೈಋತ್ಯಕ್ಕೆ ಬಿದ್ದ ಮಳೆ ಅರ್ಕಾವತಿಯ ಕಡೆಗೆ ಹರಿಯುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿದ ಆ ನದಿ ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಸಂಗಮದ ಎತ್ತರ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಂದರೆ ನೀವು ಜೆ.ಪಿ. ನಗರದಿಂದ ದಕ್ಷಿಣಕ್ಕೋ ಪಶ್ಚಿಮಕ್ಕೋ ಹೊರಟರೆ ಒಟ್ಟಾರೆ ಇಳಿಯುತ್ತಿರುತ್ತೀರಿ. ಮೊದಲ ಒಂದು ಗಂಟೆಯಲ್ಲಿ ‘ಇವತ್ತು ಕಾಲಿನಲ್ಲಿ ಶಕ್ತಿ ಚೆನ್ನಾಗಿದೆ’ ಎಂದು ಅನಿಸುವುದು ಕಾಲಿನ ಶಕ್ತಿಯಲ್ಲ, ನೆಲದ ಉಪಕಾರ. ಸಾಲ ತೀರಿಸುವುದು ವಾಪಸು ಬರುವಾಗ, ಬಿಸಿಲೇರಿದ ಮೇಲೆ.

ಇಳಿಜಾರು ಒಂದೇ ಸಮನೆ ಇರುವುದಿಲ್ಲ. ರಾಮನಗರ, ಮಾಗಡಿ, ಕನಕಪುರದ ಸುತ್ತಣ ಬೆಟ್ಟಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಯವು. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿತ್ತು. ಊರು ಆ ಹೆಸರನ್ನು ಕಳಚಿಕೊಂಡಿತು, ಕಲ್ಲು ಇಟ್ಟುಕೊಂಡಿತು. ಸುತ್ತಲ ಮೆದು ಶಿಲೆ ಸವೆದುಹೋಗಿ ಉಳಿದ ಈ ಬೋಳು ಗುಡ್ಡಗಳು ಮಲೆನಾಡಿನ ಘಟ್ಟದ ಹಾಗೆ ಸಾಲಾಗಿ ನಿಂತಿಲ್ಲ. ಒಂದೊಂದೂ ಬಿಡಿ ಬಿಡಿ. ಆದ್ದರಿಂದ ರಸ್ತೆ ಬೆಟ್ಟ ಹತ್ತುವುದಿಲ್ಲ, ಬೆಟ್ಟದ ಬುಡ ಬಳಸಿಕೊಂಡು ಹೋಗುತ್ತದೆ. ಒಂದು ದಿಣ್ಣೆ ಹತ್ತಿ ಕೆರೆಯ ಏರಿಗೆ ಇಳಿ, ಮತ್ತೊಂದು ದಿಣ್ಣೆ ಹತ್ತು. ಯಾವ ಏರೂ ಉದ್ದವಿಲ್ಲ, ಆದರೆ ಮುಗಿಯುವುದೂ ಇಲ್ಲ. ಚಾರ್ಮಾಡಿಯಲ್ಲಿ ಒಮ್ಮೆ ಗೇರ್ ಇಳಿಸಿದರೆ ಸಾಕು. ಇಲ್ಲಿ ಕೈ ಸದಾ ಗೇರಿನ ಮೇಲೇ ಇರಬೇಕು.

ಗಾಳಿಯದೂ ಒಂದು ಲೆಕ್ಕವಿದೆ. ಆಷಾಢದಲ್ಲಿ ಬೆಂಗಳೂರಿನ ಮಕ್ಕಳು ಗಾಳಿಪಟ ಹಾರಿಸುವ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ಸಾವನದುರ್ಗದ ಕಡೆ ಹೋಗುವಾಗ ಎದೆಗೆ ಹೊಡೆಯುವ ಗಾಳಿ ಬರುವಾಗ ಬೆನ್ನು ತಳ್ಳುತ್ತದೆ. ಮಾರ್ಗಶಿರದ ಹೊತ್ತಿಗೆ ಗಾಳಿ ಪೂರ್ವ, ಈಶಾನ್ಯಕ್ಕೆ ತಿರುಗಿರುತ್ತದೆ. ಎಲ್ಲರೂ ಸೈಕಲ್ಲಿಗೆ ಹೇಳಿ ಮಾಡಿಸಿದ ಕಾಲವೆಂದು ಹೊಗಳುವ ಡಿಸೆಂಬರ್, ಜನವರಿಯಲ್ಲಿ ಹಿಂದಿರುಗುವ ದಾರಿ ಏರೂ ಹೌದು, ಎದುರುಗಾಳಿಯೂ ಹೌದು. ಚಳಿ ಬೇಕೋ ಬೆನ್ನುಗಾಳಿ ಬೇಕೋ ಎಂದು ಕೇಳಿದರೆ ನನ್ನ ಮತ ಆಷಾಢಕ್ಕೆ. ಮೋಡ ಮುಸುಕಿರುತ್ತದೆ, ಮಳೆ ಜೋರಾಗಿರುವುದಿಲ್ಲ, ರಾಗಿ ಹೊಲ ಹದವಾಗುತ್ತಿರುತ್ತದೆ, ಮದುವೆ ಇಲ್ಲದ್ದರಿಂದ ಛತ್ರದ ಮುಂದೆ ವಾಹನದಟ್ಟಣೆಯೂ ಇರುವುದಿಲ್ಲ.

ಹೊಸಬರು ಆರಂಭಿಸಲು ಒಳ್ಳೆಯದು ಕಗ್ಗಲೀಪುರದ ಸುತ್ತು. ಕೋಣನಕುಂಟೆ ಕ್ರಾಸ್, ತಲಘಟ್ಟಪುರ, ನೈಸ್ ರಸ್ತೆ ದಾಟುವವರೆಗೆ ಸುಖವೇನಿಲ್ಲ. ಮೆಟ್ರೊ ಹಸಿರು ಮಾರ್ಗ 2017ರಲ್ಲಿ ಯಲಚೇನಹಳ್ಳಿಗೂ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೂ ಬಂದ ಮೇಲೆ ಇಲ್ಲಿ ಎರಡೂ ಬದಿ ಕಟ್ಟಡಗಳೇ. ಕಗ್ಗಲೀಪುರದಲ್ಲಿ ಎಡಕ್ಕೆ ತಿರುಗಿ ಗುಳಕಮಲೆಯ ಮೇಲೆ ಬನ್ನೇರುಘಟ್ಟಕ್ಕೆ ಹೋಗುವ ರಸ್ತೆ ಹಿಡಿದರೆ ಹತ್ತೇ ನಿಮಿಷದಲ್ಲಿ ಕಿವಿ ಬೇರೆಯಾಗುತ್ತದೆ. ಕೆರೆ, ನೀಲಗಿರಿ ತೋಪು, ಮಧ್ಯೆ ಮಧ್ಯೆ ಕುರುಚಲು ಕಾಡು, ಡೈರಿಗೆ ಹಾಲು ಹಾಕಲು ಕ್ಯಾನ್ ನೇತುಹಾಕಿಕೊಂಡು ಬರುವ ಟಿವಿಎಸ್. ಬನ್ನೇರುಘಟ್ಟದಲ್ಲಿ ಚಂಪಕಧಾಮಸ್ವಾಮಿ ದೇವಸ್ಥಾನದ ಹತ್ತಿರ ಕಾಫಿ ಕುಡಿದು ಗೊಟ್ಟಿಗೆರೆಯ ಮೇಲೆ ಬಿಟಿಎಂ ಕಡೆಯವರು ಮನೆ ಸೇರಬಹುದು. ಆ ಕೊನೆಯ ಭಾಗ ಎಂಟು ಗಂಟೆಯೊಳಗೆ ಮುಗಿಯಬೇಕು. ಆಮೇಲೆ ಬನ್ನೇರುಘಟ್ಟ ರಸ್ತೆಯಲ್ಲಿ ಸೈಕಲ್ ತುಳಿಯುವುದು ವ್ಯಾಯಾಮವಲ್ಲ, ಶಿಕ್ಷೆ.

ಈ ಸುತ್ತಿನ ಎಡಬಲದ ಕಾಡಿನಲ್ಲೇ ನಮ್ಮ ಕಥೆಯ ಮುಖ್ಯ ಪಾತ್ರಧಾರಿ ಇರುವುದು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ 1974ರಲ್ಲಿ ಘೋಷಣೆಯಾಯಿತು. ಈಗ ಅದರ ವಿಸ್ತೀರ್ಣ 260 ಚದರ ಕಿಲೋಮೀಟರು ಮೀರಿದೆ. ಹುಲಿ ಸಿಂಹ ನೋಡಲು ಬಸ್ಸಿನಲ್ಲಿ ಹೋಗುವ ಜೈವಿಕ ಉದ್ಯಾನ ಅದರ ಉತ್ತರದ ಒಂದು ಮೂಲೆ ಮಾತ್ರ. ಉಳಿದದ್ದು ಉದ್ದಕ್ಕೆ ದಕ್ಷಿಣಕ್ಕಿಳಿದು ತಮಿಳುನಾಡಿನ ಹೊಸೂರು ಕಾಡನ್ನೂ ಕಾವೇರಿ ವನ್ಯಧಾಮವನ್ನೂ ತಾಗುತ್ತದೆ. ಆನೆಗಳಿಗೆ ಅದು ಹೆದ್ದಾರಿ. ಜಯನಗರ ನಾಲ್ಕನೇ ಬ್ಲಾಕಿನಿಂದ ಸೈಕಲ್ಲಿನಲ್ಲಿ ಎರಡು ಗಂಟೆಯೊಳಗೆ ಕಾಡಾನೆಯ ಲದ್ದಿ ಕಾಣಬಹುದಾದ ಮಹಾನಗರ ಇನ್ನೊಂದು ಎಲ್ಲಿದೆಯೋ ನಾನರಿಯೆ.

ಉದ್ಯಾನದ ಹೊರಗೆ ಇನ್ನೊಂದು ಗೆರೆಯುಂಟು: ಪರಿಸರ ಸೂಕ್ಷ್ಮ ವಲಯ. ಹಳ್ಳಿ, ಹೊಲ, ರಸ್ತೆ ಎಲ್ಲ ಅದರೊಳಗೆ ಇರಬಹುದು. ಗಣಿಗಾರಿಕೆ, ಮಾಲಿನ್ಯಕಾರಿ ಕಾರ್ಖಾನೆ, ದೊಡ್ಡ ಕಟ್ಟಡಗಳಿಗೆ ತಡೆ ಅಥವಾ ನಿಯಂತ್ರಣ. ಸೈಕಲ್ ಸವಾರನಿಗೆ ಉದ್ಯಾನಕ್ಕಿಂತ ಮುಖ್ಯವಾದದ್ದು ಇದು, ಏಕೆಂದರೆ ಉದ್ಯಾನದೊಳಗೆ ಅವನು ಹೋಗುವಂತಿಲ್ಲ, ಅವನು ತುಳಿಯುವುದು ಈ ಅಂಚಿನಲ್ಲಿ. 2016ರ ಕರಡು ಅಧಿಸೂಚನೆಯಲ್ಲಿ ಈ ವಲಯ 268.96 ಚದರ ಕಿಲೋಮೀಟರು ಇತ್ತು. 2018ರ ಪರಿಷ್ಕೃತ ಕರಡಿನಲ್ಲಿ 168.84ಕ್ಕೆ ಇಳಿಯಿತು. ನಾಗರಿಕರು ಆಕ್ಷೇಪಣೆ ಸಲ್ಲಿಸಿದರು, ಪ್ರತಿಭಟಿಸಿದರು. 2020ರ ಮಾರ್ಚ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಕಡಿಮೆಯಾದ ಸಂಖ್ಯೆಯೇ ಉಳಿದಿತ್ತು: ಉದ್ಯಾನದ ಗಡಿಯಿಂದ ಕೆಲವೆಡೆ ಒಂದು ಕಿಲೋಮೀಟರು, ಕೆಲವೆಡೆ ಬರೀ 100 ಮೀಟರು. ನೂರು ಮೀಟರೆಂದರೆ ಸೈಕಲ್ಲಿನಲ್ಲಿ ಇಪ್ಪತ್ತು ಸೆಕೆಂಡಿನ ದಾರಿ. ಯಾವ ಭಾಗದಲ್ಲಿ ವಲಯ ಕಿರಿದಾಯಿತೋ ಅಲ್ಲಿ ಬಡಾವಣೆಯ ಕಮಾನುಗಳು, ‘ಫಾರೆಸ್ಟ್ ವ್ಯೂ’ ಫಲಕಗಳು ಕಾಡಿನ ಬೇಲಿಯವರೆಗೂ ಬಂದು ನಿಲ್ಲುತ್ತಿವೆ. ಕಾಡು ಕಾಣುವ ಮನೆ ಬೇಕೆಂದು ಕೊಳ್ಳುವವನು ತನ್ನ ಹಿಂದಿನವನಿಗೆ ಕಾಡು ಕಾಣದಂತೆ ಮಾಡುತ್ತಾನೆ.

ಇಂಗ್ಲೆಂಡಿನಲ್ಲಿ ಇದನ್ನೇ ಬೇರೆ ತುದಿಯಿಂದ ಹಿಡಿದರು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಊರುಗಳಿವೆ, ಕುರಿ ಮೇಯುತ್ತವೆ, ಹೊಲ ಉಳುತ್ತಾರೆ. ಕಾನೂನು ಕಾಯುವುದು ಆ ಇಡೀ ಚಹರೆಯನ್ನು. ಮೇಲಾಗಿ 2000ದ ಸಾರಿಗೆ ಕಾಯ್ದೆಯಲ್ಲಿ ಹಳ್ಳಿಯ ರಸ್ತೆಗಳನ್ನು ‘ಕ್ವೈಟ್ ಲೇನ್’ ಎಂದು ಘೋಷಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು: ನಡೆಯುವವರು, ಸೈಕಲ್ಲು, ಕುದುರೆ, ಕಾರು ಎಲ್ಲರೂ ನಿಧಾನವಾಗಿ ಹಂಚಿಕೊಳ್ಳಬೇಕಾದ ರಸ್ತೆ. ನಮ್ಮಲ್ಲಿ ಕಾಡಿಗೆ ಕಾನೂನಿದೆ, ನೀರಿಗೆ ಕಾನೂನಿದೆ. ರಸ್ತೆಯ ನಿಶ್ಶಬ್ದಕ್ಕೆ ಇಲ್ಲ. ಕಾಡಿಗೆ ಕೊಟ್ಟ ರಕ್ಷಣೆಯ ನೆರಳಿನಲ್ಲಿ ರಸ್ತೆ ಸುಮ್ಮನಿದೆ, ಅಷ್ಟೆ.

ಬನ್ನೇರುಘಟ್ಟದಿಂದ ಶಿವನಹಳ್ಳಿಯ ಮೇಲೆ ರಾಗಿಹಳ್ಳಿಗೆ ಹೋಗುವ ದಾರಿ ಈ ಸೀಮೆಯ ಅತ್ಯಂತ ಚೆಲುವಿನದು ಎಂಬುದು ನನ್ನ ಎಣಿಕೆ. ಎರಡೂ ಬದಿ ಕಾಡು ರಸ್ತೆಗೆ ಒತ್ತಿಕೊಂಡು ಬರುತ್ತದೆ, ತಿರುವುಗಳು ಕಿರಿದು, ಡಾಂಬರಿನ ಅಂಚು ಅಲ್ಲಲ್ಲಿ ಮುರಿದಿದೆ. ಆದರೆ ಇಲ್ಲಿ ಹೊತ್ತು ನೋಡಿ ಹೋಗಬೇಕು. ರಾಗಿ ತೆನೆ ಬಲಿಯುವ ನವೆಂಬರಿನಿಂದ ಕೊಯ್ಲು ಮುಗಿಯುವ ಜನವರಿಯವರೆಗೆ ಆನೆಗಳು ಹೊಲಕ್ಕಿಳಿಯುತ್ತವೆ. ರೈತರು ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯಿಡೀ ಪಟಾಕಿ, ಟಾರ್ಚು ಹಿಡಿದು ಕಾಯುತ್ತಾರೆ. ಹೊಲದಲ್ಲಿ ಓಡಿಸಿದ ಆನೆ ಕಾಡಿಗೆ ಮರಳುವ ಹೊತ್ತೂ, ನಗರದ ಸವಾರ ಅಲಾರಂ ಇಟ್ಟು ಎದ್ದು ಬಂದು ಸೇರುವ ಹೊತ್ತೂ ಒಂದೇ. ಮೋಟರು ಗಾಡಿಯ ಸದ್ದಿಗೆ ಆನೆ ಮೊದಲೇ ಎಚ್ಚರಗೊಳ್ಳುತ್ತದೆ; ಸೈಕಲ್ ಸದ್ದಿಲ್ಲದೆ ತಿರುವಿನಲ್ಲಿ ಪ್ರತ್ಯಕ್ಷವಾಗುತ್ತದೆ, ಅದೇ ಅಪಾಯ. ‘ಸಾರ್, ಸ್ವಲ್ಪ ತಡೀರಿ, ಮುಂದ್ಕೆ ಆನೆ ಐತೆ’ ಎಂದು ಹಾಲಿನವನು ಹೇಳಿದರೆ ಅದು ಗಾಳಿಮಾತಲ್ಲ. ನಿಲ್ಲಿ. ಅವನು ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಅವನ ಹಿಂದೆ ಹೋಗಿ. ಬಿಸಿಲು ರಸ್ತೆಗೆ ಬೀಳುವ ಮುನ್ನ ಈ ಕಾಡುದಾರಿಗೆ ಇಳಿಯಬಾರದು, ಸಂಜೆ ಐದರ ಮೇಲೆ ಇರಬಾರದು, ಡಾಂಬರು ಬಿಟ್ಟು ಕಾಲುದಾರಿಗೆ ತಿರುಗಲೇಬಾರದು. ಕೊನೆಯದು ಜೀವದ ಪ್ರಶ್ನೆ ಮಾತ್ರವಲ್ಲ. ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನಕ್ಕೆ ಹೊಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಕಾಡಿನೊಳಗೇ ಸೈಕಲ್ ಓಡಿಸಬೇಕೆಂಬ ಆಸೆಯವರು ಬಹುಕಾಲ ಬನಶಂಕರಿ ಆರನೇ ಹಂತದ ಪಕ್ಕದ ತುರಹಳ್ಳಿಗೆ ಹೋಗುತ್ತಿದ್ದರು. ಬಂಡೆ ಹತ್ತುವವರಿಗೂ ಅದು ತವರು. ಅಲ್ಲಿ ವೃಕ್ಷೋದ್ಯಾನ ಮಾಡಲು 2021ರಲ್ಲಿ ಸರ್ಕಾರ ಹೊರಟಾಗ ಸುತ್ತಲಿನವರು ಬೀದಿಗಿಳಿದು ಬೇಡವೆಂದರು. ಕಾಡಿಗೆ ಬೆಂಚು, ಕಾಂಕ್ರೀಟು ಹಾದಿ ಬೇಡವೆಂದು ನಗರದ ಜನ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಗುಡ್ಡದ ಸುತ್ತಲೂ ಈಗ ಎಲ್ಲಿ ನಿಂತರೂ ಕಾಣುವುದು ಗೋಪುರದಂಥ ವಸತಿ ಸಮುಚ್ಚಯಗಳೇ. ರಸ್ತೆಯ ಸವಾರರಿಗೆ ಅದು ದಾರಿಯ ಗುರುತು ಅಷ್ಟೆ, ಮುಂದೆ ಸಾಗೋಣ.

ಪಶ್ಚಿಮದ ಹಾದಿ ಬೇರೆ ಬಗೆಯದು. ಉತ್ತರಹಳ್ಳಿ, ಕೆಂಗೇರಿಯ ಮೇಲೆ ಮೈಸೂರು ರಸ್ತೆ ಸೇರಿ, ಕುಂಬಳಗೋಡಿನಲ್ಲಿ ಬಲಕ್ಕೆ ರಾಮೋಹಳ್ಳಿಯ ಕಡೆ ತಿರುಗಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರಿನ ಜೊತೆ ಮೋಟರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ; ಸೈಕಲ್ಲಿಗೆ ಸರ್ವಿಸ್ ರಸ್ತೆಯೇ ಗತಿ. ಅದರ ಗುಂಡಿ, ಕೊಳಚೆ ನೀರು, ಎದುರು ದಿಕ್ಕಿನಿಂದ ಬರುವ ಆಟೊಗಳ ಬಗ್ಗೆ ಬರೆಯಲು ಪ್ರತ್ಯೇಕ ಲೇಖನ ಬೇಕು. ಕೇತೋಹಳ್ಳಿಯ ದೊಡ್ಡ ಆಲದಮರದ ಬಳಿ ಬಂದರೆ ಕಷ್ಟ ಮುಗಿಯಿತು. ಸುಮಾರು ಮೂರು ಎಕರೆ ಹಬ್ಬಿದ ಈ ಮರದ ತಾಯಿಬುಡ ರೋಗಕ್ಕೆ ತುತ್ತಾಗಿ ಇಲ್ಲವಾಗಿ ಎಷ್ಟೋ ಕಾಲವಾಯಿತು, ಬಿಳಲುಗಳೇ ಬುಡಗಳಾಗಿ ಮರ ನಿಂತಿದೆ.

ಅಲ್ಲಿಂದ ಮಂಚನಬೆಲೆಗೆ ಇಳಿಯುವ ರಸ್ತೆಯಲ್ಲಿ ಸಾವನದುರ್ಗ ಎದುರಿಗೇ ಏಳುತ್ತದೆ: 1226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಮಾಗಡಿ ಕೆಂಪೇಗೌಡರ ಕೋಟೆಯಿದ್ದ ಜಾಗ. ಟಿಪ್ಪುವಿನ ಕಾಲದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಮಂಚನಬೆಲೆ ಜಲಾಶಯದ ನೀರು ನೋಡಲು ಮಾತ್ರ. ಈಜಲು ಇಳಿದು ಜೀವ ಕಳೆದುಕೊಂಡ ಹುಡುಗರ ಸುದ್ದಿ ಪದೇ ಪದೇ ಬರುತ್ತದೆ. ನದಿಯ ಮೇಲ್ಭಾಗದಲ್ಲಿ, ಅರ್ಕಾವತಿಗೆ ಕುಮುದ್ವತಿ ಕೂಡುವಲ್ಲಿ, 1933ರಲ್ಲಿ ಕಟ್ಟಿ ಮುಗಿಸಿದ ತಿಪ್ಪಗೊಂಡನಹಳ್ಳಿ ಜಲಾಶಯವಿದೆ. ಬೆಂಗಳೂರಿಗೆ ನೀರು ಕೊಟ್ಟ ಆ ಕೆರೆ ಒಣಗುತ್ತ ಕೊಳೆಯುತ್ತ ಬಂದಾಗ 2003ರಲ್ಲಿ ಅದರ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡಗಳಿಗೆ ಕಡಿವಾಣ ಹಾಕಿದರು, 2019ರಲ್ಲಿ ಸಡಿಲಿಸಿದರು. ಬನ್ನೇರುಘಟ್ಟದ್ದೇ ಕಥೆ, ಕಾಡಿನ ಬದಲು ನೀರು.

ನೀರಿನ ಮಾತು ಬಂದದ್ದರಿಂದ ಬೈರಮಂಗಲವನ್ನೂ ಹೇಳಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಎಡಕ್ಕೆ ತಿರುಗಿದರೆ ಸಿಗುವ ರಸ್ತೆಗಳು ನಿಜಕ್ಕೂ ಚೆನ್ನ: ಹಿಪ್ಪುನೇರಳೆ, ತೆಂಗು, ಸೀಮೆಹುಲ್ಲು. ಬೈರಮಂಗಲ ಕೆರೆ ಸಮೀಪಿಸಿದಂತೆ ಮೂಗಿಗೆ ಗೊತ್ತಾಗುತ್ತದೆ. ಬಸವನಗುಡಿ, ಬನಶಂಕರಿಯ ಕಡೆಯ ಚರಂಡಿಗಳು ಸೇರುವ ವೃಷಭಾವತಿ ಬಂದು ತುಂಬುವುದು ಇದನ್ನೇ. ಬೆಳಿಗ್ಗೆ ಮನೆಯಲ್ಲಿ ಮುಖ ತೊಳೆದು ಬಿಟ್ಟ ನೀರಿನ ಜೊತೆ ಅದೇ ದಿಕ್ಕಿಗೆ ಸೈಕಲ್ಲಿನಲ್ಲಿ ಬಂದಿದ್ದೇವೆ ಎಂದು ಅಲ್ಲಿ ಅರ್ಥವಾಗುತ್ತದೆ. ಈಗ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಏಳು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಉಪನಗರ ಕಟ್ಟುವ ಯೋಜನೆ ಬಂದಿದೆ, ರೈತರು ವಿರೋಧಿಸುತ್ತಿದ್ದಾರೆ. ಎರಡನೇ ವಿಮಾನ ನಿಲ್ದಾಣಕ್ಕೆಂದು 2025ರಲ್ಲಿ ಪರಿಶೀಲಿಸಿದ ಮೂರು ಜಾಗಗಳಲ್ಲಿ ಎರಡು, ಚೂಡಹಳ್ಳಿ ಮತ್ತು ಸೋಮನಹಳ್ಳಿ, ಕನಕಪುರ ರಸ್ತೆಯ ಕಡೆಯವು. ಅದೇ ವರ್ಷದ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟರು. ಈಗ ಜಯನಗರದವರು ಊರು ಬಿಟ್ಟು ಎಷ್ಟು ದೂರ ತುಳಿದರೂ ಇರುವುದು ಬೆಂಗಳೂರು ದಕ್ಷಿಣದಲ್ಲೇ. ಹೆಸರು ಮೊದಲು ಬರುತ್ತದೆ, ಸೈಟು ಆಮೇಲೆ.

ಈ ರಸ್ತೆಗಳು ಸವಾರರ ಸ್ವತ್ತಲ್ಲ ಎಂಬುದನ್ನೂ ಮರೆಯಬಾರದು. 2006–07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳು ಇದೇ ದಿಣ್ಣೆಗಳನ್ನು ಗೇರಿಲ್ಲದೆ ಹತ್ತಿವೆ. ರೇಷ್ಮೆಗೂಡಿನ ಮೂಟೆ ಹೊತ್ತ ಗಾಡಿಗಳು ರಾಮನಗರದ ಮಾರುಕಟ್ಟೆಗೆ ಹೋಗುವ ಆತುರದಲ್ಲಿರುತ್ತವೆ, ಅವಕ್ಕೆ ದಾರಿ ಬಿಡಬೇಕು. ಸಾಲಾಗಿ ಹೋಗುವುದು ಬಿಟ್ಟು ಹರಟೆಗೆಂದು ಮೂವರು ಅಡ್ಡ ಹಬ್ಬಿಕೊಂಡು, ಬೆನ್ನ ಚೀಲದಲ್ಲಿ ಸ್ಪೀಕರ್ ಹಾಡಿಸುತ್ತ ಸಾಗುವ ಗುಂಪುಗಳನ್ನು ಕಂಡರೆ ನನಗೆ ಟಿಪ್ಪರ್ ಲಾರಿಯವನ ಮೇಲೆ ಬರುವಷ್ಟೇ ಕೋಪ ಬರುತ್ತದೆ. ಇನ್ನು ಭಾನುವಾರ: ರೆಸಾರ್ಟು, ಫಾರ್ಮ್‌ಹೌಸಿನ ಕಾರುಗಳು ಎಂಟು ಗಂಟೆಯಿಂದ ಶುರು. ರಜೆ ಹಾಕಲು ಸಾಧ್ಯವಾದರೆ ಬುಧವಾರ ಹೋಗಿ.

ಕಾಲು ಗಟ್ಟಿಯಾದ ಮೇಲೆ ಸಂಗಮ. ಕನಕಪುರದವರೆಗಿನ ಹೆದ್ದಾರಿ ಅಗಲವಾಗಿದೆ, ವೇಗದ ಲಾರಿಗಳದ್ದೇ ರಾಜ್ಯ. ಬೆಳಕು ಹರಿಯುತ್ತಲೇ ಅದನ್ನು ದಾಟಿಬಿಡಬೇಕು. ಕನಕಪುರದಿಂದ ದೊಡ್ಡಾಲಹಳ್ಳಿಯ ಮೇಲೆ ಹೋಗುವ ರಸ್ತೆ ಕೊನೆಗೆ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದೊಳಗೆ ಹೊಕ್ಕು ತಿರುವು ತಿರುವಾಗಿ ನದಿಗೆ ಇಳಿಯುತ್ತದೆ. ಬಿಡಿ ದಿಣ್ಣೆಗಳ ಈ ಸೀಮೆಯಲ್ಲಿ ಘಟ್ಟವೆನ್ನಬಹುದಾದ ಇಳಿತ ಇದೊಂದೇ. ಕಾಡು ಬದಲಾಗುತ್ತದೆ, ಮರಗಳು ಒಣಕಲು, ಕಲ್ಲು ಕೆಂಪು, ಗಾಳಿ ಬಿಸಿ. ಇಳಿಯುವಾಗ ಬ್ರೇಕಿನ ಮೇಲೆ ಎರಡೂ ಕೈ ಇರಲಿ. ತಿರುವಿನಲ್ಲಿ ಮರಳು ಚೆಲ್ಲಿರುತ್ತದೆ, ಕೋತಿಗಳು ಕೂತಿರುತ್ತವೆ. ಕೆಳಗೆ ಅರ್ಕಾವತಿ ಕಾವೇರಿಗೆ ಸೇರುವುದನ್ನು ನೋಡಿ, ಮೀನು ಕರಿಯುವ ಅಂಗಡಿಗಳ ಮುಂದೆ ಹಾದು, ನೆರಳಿನಲ್ಲಿ ಅರ್ಧ ಗಂಟೆ ಕೂತು ಏಳಬೇಕು. ಹತ್ತು ಗಂಟೆಯ ಮೇಲೆ ಹತ್ತಲು ಶುರುಮಾಡಿದರೆ ಬಂಡೆಯ ಕಾವು ಕೆಳಗಿನಿಂದ, ಸೂರ್ಯ ಮೇಲಿನಿಂದ. ಎರಡು ಬಾಟಲಿ ನೀರು ದೊಡ್ಡಾಲಹಳ್ಳಿಯವರೆಗೂ ಬರುವುದಿಲ್ಲ. ಘಟ್ಟ ಹತ್ತಿ ಮುಗಿದರೂ ಬೆಂಗಳೂರು ಇನ್ನೂ ಮೇಲೇ ಇದೆ. ಕನಕಪುರಕ್ಕೆ ಖಾಲಿ ಮರಳುವ ಲಗೇಜ್ ಆಟೊ ಕಂಡರೆ ಕೈ ಅಡ್ಡ ಹಾಕಿ. ಸೈಕಲ್ ಹಿಂದೆ ಮಲಗಿಸಿ ಡ್ರೈವರಿನ ಪಕ್ಕ ಕೂತು ಬಂದವರು ಬೇಕಾದಷ್ಟು ಜನ ಇದ್ದಾರೆ, ಜಯನಗರಕ್ಕೆ ಬಂದ ಮೇಲೆ ಆ ಭಾಗವನ್ನು ಹೇಳುವುದಿಲ್ಲ ಅಷ್ಟೆ.